ಒಂದು ಜೀವಿ ಅಳಿವಿನಂಚಿನಲ್ಲಿದೆಯೇ? ಕೆಂಪು ಪಟ್ಟಿಯ ಲೆಕ್ಕ ಹಾಕುವ ಬಗೆ

‘ನಾವು ಚಿಕ್ಕವರಿದ್ದಾಗ ಎಲ್ಲಿ ನೋಡಿದರೂ ಇತ್ತು, ಈಗ ಕಾಣುವುದೇ ಇಲ್ಲ’ ಎಂಬ ಮಾತು ಊರೂರಲ್ಲೂ ಕೇಳಿಬರುತ್ತದೆ. ಎಷ್ಟೋ ಅಧ್ಯಯನಗಳು ಶುರುವಾಗುವುದೇ ಇಂಥ ಮಾತಿನಿಂದ. ಆದರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ ಅದು ಸೇರಬೇಕಾದರೆ ಮಾತು ಅಂಕಿಯಾಗಬೇಕು, ಅಂಕಿಯ ಹಿಂದೆ ದಾಖಲೆ ಇರಬೇಕು. ಪಟ್ಟಿ 1964ರಿಂದ ಇದೆ. ಈಗ ಬಳಕೆಯಲ್ಲಿರುವ ನಿಯಮಗಳ 3.1ನೇ ಆವೃತ್ತಿ 2001ರಲ್ಲಿ ಬಂತು.

ಅಪಾಯದ ಮೆಟ್ಟಿಲು ಮೂರು: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಇಲ್ಲಿ ಇವನ್ನು ಆತಂಕ, ಅಪಾಯ, ತೀವ್ರ ಅಪಾಯ ಎನ್ನೋಣ. ಅಳೆಯಲು ಎ, ಬಿ, ಸಿ, ಡಿ, ಇ ಎಂಬ ಐದು ಮಾನದಂಡಗಳಿವೆ. ಮಾಹಿತಿ ಸಿಕ್ಕಷ್ಟೂ ಮಾನದಂಡಗಳಲ್ಲಿ ಅಳೆಯಬೇಕು. ಯಾವುದಾದರೂ ಒಂದರಲ್ಲಿ ಮಿತಿ ದಾಟಿದರೂ ಸಾಕು, ಬಂದ ಉತ್ತರಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲೇ ತೀರ್ಪು. ಸರಾಸರಿ ತೆಗೆಯುವಂತಿಲ್ಲ.

ಮೊದಲು ಹೆಸರು

ವೈಜ್ಞಾನಿಕ ಹೆಸರು ಖಚಿತವಾಗದೆ ಲೆಕ್ಕ ಮುಂದೆ ಸಾಗದು. ಕಾವೇರಿಯ ಗೂನುಬೆನ್ನಿನ ಮಹಶೀರ್ ಗಾಳದವರಿಗೆ ನೂರು ವರ್ಷಕ್ಕೂ ಮಿಕ್ಕಿ ಗೊತ್ತಿದ್ದ ಮೀನು. ಅದು ಟಾರ್ ರೇಮಾದೇವಿಯೈ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯ’ಕ್ಕೆ ಬಂತು. ಅಲ್ಲಿಯವರೆಗೆ ಆ ಮೀನು ಕ್ಷೀಣಿಸುತ್ತಿದ್ದರೂ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಯಾರನ್ನು ಎಣಿಸಬೇಕು, ಎಷ್ಟು ವರ್ಷದ್ದು

ಎಣಿಸಬೇಕಾದದ್ದು ಕಾಡಿನಲ್ಲಿರುವ, ಸಂತಾನ ಪಡೆಯಬಲ್ಲ ವಯಸ್ಕ ಜೀವಿಗಳನ್ನು ಮಾತ್ರ. ಮರಿಗಳು, ಎಳೆ ಸಸಿಗಳು, ಮೃಗಾಲಯದಲ್ಲಿರುವವು, ನರ್ಸರಿಯಲ್ಲಿ ಬೆಳೆಸಿದವು ಲೆಕ್ಕಕ್ಕಿಲ್ಲ. ಎಣಿಕೆಯ ವಿಧಾನವೂ ಮುಖ್ಯ. ಹತ್ತು ವರ್ಷದ ಹಿಂದೆ ನಡೆದ ಅದೇ ಹಾದಿಯಲ್ಲಿ ಈಗ ಅರ್ಧದಷ್ಟು ಕಡವೆ ಕಂಡರೆ ಕಡವೆ ಅರ್ಧವಾಗಿವೆ ಎಂದಲ್ಲ. ಹಾದಿಯ ಪಕ್ಕ ಲಂಟಾನ ಎದೆಮಟ್ಟ ಬೆಳೆದು, ಮೊದಲು ಅರವತ್ತು ಮೀಟರ್ ದೂರ ಕಾಣುತ್ತಿದ್ದದ್ದು ಈಗ ಇಪ್ಪತ್ತು ಮೀಟರಿಗೆ ಇಳಿದಿರಬಹುದು. ಅದಕ್ಕೇ ಪ್ರತಿ ಸಲ ಪ್ರಾಣಿ ಕಂಡಾಗಲೂ ಹಾದಿಯಿಂದ ಅದಕ್ಕಿರುವ ದೂರವನ್ನು ಅಳೆದು ಬರೆದುಕೊಳ್ಳಬೇಕು. ಕಾಣದೆ ತಪ್ಪಿಹೋದವು ಎಷ್ಟಿರಬಹುದು ಎಂಬ ಅಂದಾಜು ಆ ದೂರಗಳಿಂದಲೇ ಸಿಗುತ್ತದೆ.

ಇನ್ನು ಕಾಲಾವಧಿ. ಇಳಿಕೆಯನ್ನು ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅಷ್ಟು ಅವಧಿಗೆ ಅಳೆಯಬೇಕು. ತಲೆಮಾರು ಎಂದರೆ ಈಗಿನ ಮರಿಗಳ ತಂದೆತಾಯಿಗಳ ಸರಾಸರಿ ವಯಸ್ಸು, ಮೊದಲ ಹೆರಿಗೆಯ ವಯಸ್ಸಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಏಷ್ಯಾದ ಆನೆಗೆ ಒಂದು ತಲೆಮಾರು 20ರಿಂದ 25 ವರ್ಷ, ಮೂರು ತಲೆಮಾರಿಗೆ 60ರಿಂದ 75 ವರ್ಷ. ಹಾಗಾಗಿ ಒಂದು ಕಾಡಿನಲ್ಲಿ ಕಳೆದ ಹತ್ತು ವರ್ಷದಲ್ಲಿ ಆನೆಗಳು ಹೆಚ್ಚಿದರೂ ಇಡೀ ಏಷ್ಯಾದ ಲೆಕ್ಕದಲ್ಲಿ ಅದು ‘ಅಪಾಯ’ದಲ್ಲೇ ಉಳಿಯುತ್ತದೆ.

ಎ: ಎಷ್ಟು ಬೇಗ ಇಳಿಯಿತು

ಆ ಅವಧಿಯಲ್ಲಿ ಶೇ 30 ಇಳಿದಿದ್ದರೆ ಆತಂಕ, ಶೇ 50 ಆದರೆ ಅಪಾಯ, ಶೇ 80 ಆದರೆ ತೀವ್ರ ಅಪಾಯ. ಇಳಿಕೆಯ ಕಾರಣ ಗೊತ್ತಿದ್ದು, ಅದು ನಿಂತುಹೋಗಿದ್ದು, ಸರಿಪಡಿಸಲೂ ಬರುವಂತಿದ್ದರೆ ಮಾತ್ರ ಮಿತಿಗಳು 50, 70, 90ಕ್ಕೆ ಏರುತ್ತವೆ.

ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಜೀವಿ ಸುರಕ್ಷಿತ ಅಲ್ಲ ಎಂಬುದಕ್ಕೆ ಬಿಳಿಬೆನ್ನಿನ ರಣಹದ್ದಿಗಿಂತ ನೋವಿನ ಉದಾಹರಣೆ ಇಲ್ಲ. ಭಾರತದಲ್ಲಿ 1992ರಿಂದ 2007ರೊಳಗೆ ಅದರ ಸಂಖ್ಯೆ ಶೇ 99.9ರಷ್ಟು ಕುಸಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಸಾವಿರಗಟ್ಟಲೆ ಹದ್ದುಗಳು ಉಳಿದಿದ್ದಾಗಲೇ ಅದು ‘ತೀವ್ರ ಅಪಾಯ’ಕ್ಕೆ ಸೇರಿತ್ತು.

ಎಣಿಕೆಯ ಅವಧಿ ಮೂರು ತಲೆಮಾರಿಗಿಂತ ಚಿಕ್ಕದಿದ್ದರೆ ಏನು ಮಾಡಬೇಕು? ಹತ್ತು ವರ್ಷದಲ್ಲಿ ಶೇ 25 ಇಳಿದಿದೆ, ಮೂರು ತಲೆಮಾರಿಗೆ 20 ವರ್ಷ ಎಂದಿಟ್ಟುಕೊಳ್ಳಿ. ಸುಮ್ಮನೆ ಎರಡರಿಂದ ಗುಣಿಸಿದರೆ ಶೇ 50, ಅಂದರೆ ಅಪಾಯ. ಆದರೆ ಪ್ರತಿ ಹತ್ತು ವರ್ಷಕ್ಕೂ ಉಳಿದದ್ದರಲ್ಲಿ ಕಾಲುಭಾಗ ಹೋಗುತ್ತಿದ್ದರೆ 100 ಇದ್ದದ್ದು 75ಕ್ಕೆ, ಅಲ್ಲಿಂದ 56ಕ್ಕೆ ಇಳಿಯುತ್ತದೆ. ಇಳಿಕೆ ಶೇ 44, ಬರೀ ಆತಂಕ. ಯಾವುದು ಸರಿ ಎಂಬುದನ್ನು ಕಾರಣವೇ ಹೇಳಬೇಕು. ವರ್ಷಕ್ಕೆ ಇಷ್ಟೇ ಎಕರೆ ಎಂದು ಕಾಡು ಹೋಗುತ್ತಿದ್ದರೆ ಮೊದಲ ಲೆಕ್ಕ, ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ಸಾಯುತ್ತಿದ್ದರೆ ಎರಡನೆಯದು. ಯಾವುದನ್ನು ಆರಿಸಿದಿರಿ, ಏಕೆ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು.

ಬಿ: ನಕ್ಷೆಯ ಲೆಕ್ಕ

ಗಿಡ, ಕಪ್ಪೆ, ಮೀನುಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಇದೇ. ಕಂಡ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ಹೊರಗಿನ ಚುಕ್ಕೆಗಳನ್ನು ಸುತ್ತಿ ದಾರ ಬಿಗಿದಂತೆ ಗೆರೆ ಎಳೆಯಿರಿ. ಒಳಗಿನ ವಿಸ್ತೀರ್ಣ 100 ಚದರ ಕಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪಾಯ, 5,000ಕ್ಕಿಂತ ಕಡಿಮೆಯಿದ್ದರೆ ಅಪಾಯ, 20,000ಕ್ಕಿಂತ ಕಡಿಮೆಯಿದ್ದರೆ ಆತಂಕ. ನಡುವೆ ಊರು, ಗದ್ದೆ ಇದೆಯೆಂದು ಅದನ್ನು ಕತ್ತರಿಸಿ ತೆಗೆಯಬಾರದು. ಒಂದೇ ಅವಘಡಕ್ಕೆ ಎಲ್ಲವೂ ಸಿಕ್ಕಿಬೀಳದಂತೆ ಜೀವಿ ಎಷ್ಟು ಹರಡಿಕೊಂಡಿದೆ ಎಂಬುದನ್ನು ಈ ಅಳತೆ ಹೇಳುತ್ತದೆ.

ಎರಡನೆಯ ಅಳತೆಗೆ ನಕ್ಷೆಯ ಮೇಲೆ 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಗಳನ್ನು ಹಾಕಿ, ಜೀವಿ ಇರುವ ಚೌಕಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿ. ಇಲ್ಲಿ ಮಿತಿಗಳು 10, 500, 2,000 ಚದರ ಕಿ.ಮೀ. ಚೌಕದ ಗಾತ್ರ ಬದಲಿಸಿದರೆ ತೀರ್ಪೇ ಬದಲಾದೀತು. ಒಂದು ಕಪ್ಪೆ ಒಂಬತ್ತು ಚೌಕಗಳಲ್ಲಿದ್ದರೆ 36 ಚದರ ಕಿ.ಮೀ., ಅಂದರೆ ಅಪಾಯದ ಮಿತಿ. ಅವೇ ಒಂಬತ್ತು ಚುಕ್ಕೆಗಳಿಗೆ 1 ಕಿ.ಮೀ. ಚೌಕ ಹಾಕಿದರೆ 9 ಚದರ ಕಿ.ಮೀ., ತೀವ್ರ ಅಪಾಯದ ಮಿತಿ. ಕಪ್ಪೆಗೆ ಏನೂ ಆಗಿಲ್ಲ, ಅಳತೆಗೋಲು ಬದಲಾಗಿದೆ ಅಷ್ಟೆ.

ಜಾಗ ಚಿಕ್ಕದು ಎಂಬುದೊಂದೇ ಸಾಲದು. ಜೊತೆಗೆ ಈ ಮೂರರಲ್ಲಿ ಎರಡಾದರೂ ಇರಬೇಕು: ನೆಲೆ ತುಂಡುತುಂಡಾಗಿರುವುದು ಅಥವಾ ತಾಣಗಳು ಬೆರಳೆಣಿಕೆಯಷ್ಟಿರುವುದು, ಇಳಿಕೆ ಮುಂದುವರಿದಿರುವುದು, ಸಂಖ್ಯೆ ವಿಪರೀತ ಏರಿಳಿಯುವುದು. ಇಲ್ಲಿ ‘ತಾಣ’ ಎಂದರೆ ಕಂಡ ಜಾಗವಲ್ಲ, ಒಂದು ಅಪಾಯದ ವ್ಯಾಪ್ತಿ. ಒಂದೇ ಅಣೆಕಟ್ಟಿನಿಂದ ಮುಳುಗುವ ಮೂರು ಹಳ್ಳಗಳನ್ನು ಒಂದೇ ತಾಣ ಎಂದು ಎಣಿಸಬೇಕು.

ಹಳೆಯ ದಾಖಲೆಗಳ ಬಗ್ಗೆ ಎಚ್ಚರ. ಒಣಗಿಸಿಟ್ಟ ಗಿಡದ ಚೀಟಿಯಲ್ಲಿ ಬರೀ ‘ಕೊಡಗು’ ಎಂದಿದ್ದರೆ ಚುಕ್ಕೆಯನ್ನು ಮಡಿಕೇರಿಯ ಪೇಟೆಯ ನಡುವೆ ಇಡಬೇಡಿ.

ಸಿ, ಡಿ, ಇ

ಸಿ ಮಾನದಂಡ ಸಣ್ಣ ಸಂಖ್ಯೆಯ ಜೊತೆಗೆ ಇಳಿಕೆಯನ್ನೂ ಕೇಳುತ್ತದೆ. ವಯಸ್ಕ ಜೀವಿಗಳ ಮಿತಿ 250, 2,500, 10,000. ನಮ್ಮ ಸಿಂಗಳೀಕವನ್ನೇ ನೋಡಿ. ಮರಿಗಳನ್ನೂ ಸೇರಿಸಿ ಸುಮಾರು 4,000, ವಯಸ್ಕ ಕೋತಿಗಳು 2,500ಕ್ಕಿಂತ ಕಡಿಮೆ. ಟೀ ಎಸ್ಟೇಟು, ರಸ್ತೆ, ಅಣೆಕಟ್ಟುಗಳು ಕಾಡನ್ನು ಹರಿದು ಹಂಚಿರುವುದರಿಂದ ಯಾವ ಒಂದು ತುಂಡಿನಲ್ಲೂ 250ಕ್ಕಿಂತ ಹೆಚ್ಚು ವಯಸ್ಕ ಕೋತಿಗಳಿಲ್ಲ ಎಂಬ ಲೆಕ್ಕದ ಮೇಲೆ ಅದು ‘ಅಪಾಯ’ದಲ್ಲಿದೆ.

ಡಿ ಬರೀ ಸಂಖ್ಯೆಯ ಲೆಕ್ಕ: 50, 250, 1,000ಕ್ಕಿಂತ ಕಡಿಮೆ. ಸಿರುಗುಪ್ಪದ ಕಡೆಯವರು ಎರ್ಲಡ್ಡು ಎನ್ನುವ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಡೀ ಭಾರತದಲ್ಲಿ ನೂರೈವತ್ತರ ಆಸುಪಾಸಿನಲ್ಲಿದೆ. ಡಿ ಪ್ರಕಾರ ಅದು ‘ಅಪಾಯ’ ಮಾತ್ರ. 2011ರಿಂದ ಅದು ‘ತೀವ್ರ ಅಪಾಯ’ದಲ್ಲಿರುವುದು ಇಳಿಕೆಯ ವೇಗದಿಂದಾಗಿ. ಇ ಮಾನದಂಡದಲ್ಲಿ ಅಳಿವಿನ ಸಾಧ್ಯತೆಯನ್ನು ಗಣಿತದ ಮಾದರಿಯಿಂದ ಲೆಕ್ಕ ಹಾಕಬೇಕು. ಅಷ್ಟು ಮಾಹಿತಿ ಇರುವ ಜೀವಿಗಳು ಅಪರೂಪ.

ಗೊತ್ತಿಲ್ಲದಿದ್ದರೆ

‘ಮಾಹಿತಿ ಸಾಲದು’ ಎಂಬ ವರ್ಗವೂ ಇದೆ. ಅದು ಸುರಕ್ಷಿತ ಎಂಬ ಅರ್ಥವಲ್ಲ. ಮಳೆಗಾಲದ ರಾತ್ರಿ ಮಾತ್ರ ಕೂಗುವ ಕಪ್ಪೆಯನ್ನು ಫೆಬ್ರವರಿಯ ಹಗಲಿನಲ್ಲಿ ಹುಡುಕಿ ‘ಇಲ್ಲ’ ಎಂದು ಬರೆದರೆ ಅದು ದಾಖಲೆಯೇ ಅಲ್ಲ. ಅಂಕಿ ಖಚಿತವಿಲ್ಲದಿದ್ದರೆ ಕನಿಷ್ಠ, ಗರಿಷ್ಠ, ಸಂಭವನೀಯ ಮೂರನ್ನೂ ಕೊಡಿ, ಎಣಿಸಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬಿಡಿಸಿ ಹೇಳಿ.

ವನ್ಯಜೀವಿ ಕಾಯ್ದೆಯ ಶೆಡ್ಯೂಲ್ ಬೇರೆ, ಕೆಂಪು ಪಟ್ಟಿ ಬೇರೆ. ನವಿಲು ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಕೆಂಪು ಪಟ್ಟಿಯಲ್ಲಿ ಅದಕ್ಕೆ ಯಾವ ಆತಂಕವೂ ಇಲ್ಲ.

ಕರಡು ಸಿದ್ಧವಾದ ಮೇಲೆ ಅದನ್ನು ಬರೆಯದ ಬೇರೊಬ್ಬ ತಜ್ಞರು ಪರಿಶೀಲಿಸುತ್ತಾರೆ. ಹತ್ತು ವರ್ಷ ದಾಟಿದ ತೀರ್ಪು ಹಳತಾಯಿತೆಂದು ಗುರುತಾಗುತ್ತದೆ. ಜೀವಿಯ ಸ್ಥಿತಿ ಹದಗೆಟ್ಟರೆ ಮೇಲಿನ ಮೆಟ್ಟಿಲಿಗೆ ತಕ್ಷಣ ಏರಿಸಬಹುದು. ಚೇತರಿಸಿಕೊಂಡರೆ ಮಾತ್ರ ಐದು ವರ್ಷ ಕಾಯಬೇಕು. ಆ ಐದು ವರ್ಷವೂ ಅದು ಮೇಲಿನ ಮೆಟ್ಟಿಲಿನ ಯಾವ ಮಿತಿಗೂ ಸಿಗದೆ ಇದ್ದರಷ್ಟೇ ಕೆಳಗಿಳಿಸುತ್ತಾರೆ.