ಪ್ಲಾಸ್ಮಾ ಯಂತ್ರವಿಲ್ಲದೆ ಟೈಟಾನಿಯಂ ಲೇಪನ: ನನ್ನ ಅನುಭವ

"ಕಲಬುರಗಿಯಲ್ಲಿ ಕುಳಿತು ಇಂಪ್ಲಾಂಟ್ ಲೇಪನವೇ?" ಎಂದು ನಕ್ಕವರಿಗೆಲ್ಲ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಗಳ ಫೋಟೊ ಕಳುಹಿಸಿದ್ದೇನೆ. ದೇಹದೊಳಗೆ ಕೂರಿಸುವ ಟೈಟಾನಿಯಂ ಇಂಪ್ಲಾಂಟಿಗೆ ಮೂಳೆ ಅಂಟಬೇಕು, ಬ್ಯಾಕ್ಟೀರಿಯಾ ಅಂಟಬಾರದು; ಅದಕ್ಕೇ ಈ ಲೇಪನ. ಬರಿಯ ಟೈಟಾನಿಯಂ ತುಂಡಿನಿಂದ ತೆಗೆದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ತಟ್ಟೆ ತುಂಬ ಬೆಳೆದಿದೆ. ನಾನು ಲೇಪಿಸಿದ ತುಂಡಿನದು ಬೆರಳೆಣಿಕೆಯಷ್ಟು.

ಪ್ಲಾಸ್ಮಾ ಸ್ಪ್ರೇ (ಪುಡಿಯನ್ನು ಅತಿ ಬಿಸಿಯಲ್ಲಿ ಕರಗಿಸಿ ಸಿಂಪಡಿಸುವುದು) ಮಾಡಿಸು ಎಂಬುದೇ ಎಲ್ಲರ ಉಪದೇಶವಾಗಿತ್ತು. ಯಂತ್ರದ ಬೆಲೆಯ ಮಾತು ಬಿಡಿ, ಆ ಸಿಂಪಡಣೆ ಎದುರಿಗೆ ಕಂಡಲ್ಲಿಗೆ ಮಾತ್ರ ತಲುಪುತ್ತದೆ. 3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ಜಾಲರಿಯ ಒಳರಂಧ್ರಗಳಿಗೆ ದ್ರಾವಣವೇ ಇಳಿಯಬೇಕು. ಹಾಗಾಗಿ ಜಪಾನಿನ ವಿಜ್ಞಾನಿ ಕೊಕುಬೊ ತೋರಿದ ಹಳೆಯ ದಾರಿಯನ್ನೇ ಹಿಡಿದೆ: 5 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ 60 ಡಿಗ್ರಿಗೆ ಒಂದು ದಿನ, ಬಳಿಕ ಕ್ಯಾಲ್ಸಿಯಂ, 600 ಡಿಗ್ರಿಯ ಕುಲುಮೆ, ಕೊನೆಗೆ ಬ್ಯಾಕ್ಟೀರಿಯಾ ಕೊಲ್ಲಲು ಬೆಳ್ಳಿ. ಗಾಜಿನ ಬೀಕರನ್ನು ಕಾಸ್ಟಿಕ್ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಡಬ್ಬಿ ಸಾಕು.

ಹಣ ಕರಗಿದ್ದು ಜಾಲರಿಗಳಿಗೆ. ಹೈದರಾಬಾದಿನಿಂದ ಪ್ರಿಂಟ್ ಆಗಿ ಬರುವ ತುಂಡೊಂದಕ್ಕೆ ಸಾವಿರದ ಐನೂರು ರೂಪಾಯಿಯ ಆಸುಪಾಸು. ಮೊದಲ ಕಂತು ಪೂರ್ತಿ ರದ್ದಿ: ಅರೆಬೆಂದ ಲೋಹದ ಕಣಗಳು ಲೇಪನವನ್ನೂ ಹೊತ್ತು ಉದುರಿದವು. ಆಮ್ಲದಲ್ಲಿ ಕೊರೆಸಿದ ಮೇಲೆಯೇ ಲೇಪನ ನಿಂತಿತು. ಅಷ್ಟರಲ್ಲಿ ನೀರಿನ ಕಾಟ. ಕೊಳವೆಬಾವಿ ನೀರಿನಲ್ಲಿ ತೊಳೆದ ತುಂಡನ್ನು ಸಿಲ್ವರ್ ನೈಟ್ರೇಟಿಗೆ ಇಳಿಸಿದರೆ ದ್ರಾವಣ ಒಡೆದ ಹಾಲಿನಂತಾಗುತ್ತಿತ್ತು. ಆ ನೀರಿನ ಕ್ಲೋರೈಡ್ ಅಷ್ಟೂ ಬೆಳ್ಳಿಯನ್ನು ಹಿಡಿದುಬಿಡುತ್ತದೆ. ಕ್ಯಾಲ್ಸಿಯಂ ಹಂತಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸುವವರೂ ರಂಧ್ರಗಳಲ್ಲಿ ಅದು ಉಳಿಯದಂತೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. ನಾನು ತೊಳೆಯುವ ಬಗೆಯನ್ನೂ ಬೆಳ್ಳಿಯ ಪ್ರಮಾಣವನ್ನೂ ಇಲ್ಲಿ ಬರೆಯುವುದಿಲ್ಲ. ಬೆಳ್ಳಿ ಹೆಚ್ಚಾದರೆ ಮೂಳೆಯ ಕೋಶಗಳೂ ಸಾಯುತ್ತವೆ ಎಂದಷ್ಟೇ ಹೇಳುತ್ತೇನೆ.

ಮೂಳೆಯ ಖನಿಜವಾದ ಅಪಟೈಟ್ ಲೇಪನದ ಮೇಲೆ ಬೆಳೆಯುತ್ತದೆಯೇ ಎಂಬ ಪರೀಕ್ಷೆಗೆ, ರಕ್ತದ ಲವಣಗಳನ್ನು ಹೋಲುವ ಕೃತಕ ದೇಹದ್ರವ 36.5 ಡಿಗ್ರಿಯಲ್ಲಿರಬೇಕು. ಮೇ ತಿಂಗಳಲ್ಲಿ ನಮ್ಮ ಪ್ರಯೋಗಾಲಯವೇ 42! ವಾಟರ್ ಬಾತ್ ಕಾಯಿಸಬಲ್ಲದು, ತಣಿಸಲಾರದು. ದ್ರವ ತಾನಾಗಿಯೇ ಮಬ್ಬಾಗಿ ತಳದಲ್ಲಿ ಬಿಳಿ ಪುಡಿ ಕೂತಿತು. ಕಂಪ್ಯೂಟರ್ ವಿಭಾಗದ ಎಸಿ ಕೋಣೆಯ ಮೂಲೆಯೊಂದನ್ನು ಬೇಡಿ ಪಡೆದೆ. ಅಲ್ಲಿ ಒಂದು ವಾರಕ್ಕೆ ರಂಧ್ರದೊಳಗೂ ಅಪಟೈಟ್ ಹೂಬಿಟ್ಟಿತು, ಕೊಯ್ದು ನೋಡಿದ್ದೇನೆ.

ನಡುವೆ ಬೀದರಿನ ಬಿದರಿ ಕುಶಲಕರ್ಮಿಗಳ ಸತುವನ್ನು ನೋಡಿ ಬೆಳ್ಳಿಯ ಬದಲು ಸತುವನ್ನೂ ಪ್ರಯತ್ನಿಸಿದೆ. ಅಗ್ಗ, ಆದರೆ ನನ್ನ ಕೈಯಲ್ಲಿ ಬ್ಯಾಕ್ಟೀರಿಯಾ ಅಷ್ಟು ಸಾಯಲಿಲ್ಲ. ಎರಡನ್ನೂ ಬೆರೆಸಿದ ತುಂಡುಗಳು ಈಗ ಡಬ್ಬಿಯಲ್ಲಿವೆ.

ಇದು ಇನ್ನೂ ರೋಗಿಯ ದೇಹಕ್ಕೆ ಹೋಗುವ ವಸ್ತುವಲ್ಲ; ಪ್ರಾಣಿ ಪರೀಕ್ಷೆ ಬಾಕಿ ಇದೆ. ಸ್ಟೀಲ್ ಪ್ಲೇಟಿಗೂ ಹಚ್ಚಿಕೊಡಿ ಎಂದು ಕೇಳುವವರಿದ್ದಾರೆ. ಕಾಸ್ಟಿಕ್ ಹಿಡಿದು ಲೇಪನದ ತಳವಾದ ಟೈಟನೇಟ್ ಪದರ ಕಟ್ಟಲು ಟೈಟಾನಿಯಂ ಇರಲೇಬೇಕು, ಸ್ಟೀಲಿಗೆ ಇದು ಹತ್ತುವುದಿಲ್ಲ.