ವಯಸ್ಸಾದ ಬ್ಯಾಂಡ್ ಯಾವಾಗ ನಿಲ್ಲಿಸಬೇಕು? ಬೇಸ್ ನುಡಿಸುವವನ ಅನುಭವದಿಂದ

ನಾನು ಬೇಸ್ ಗಿಟಾರ್ ನುಡಿಸುವವನು. 1987ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ನಾವು ನಾಲ್ಕು ಜನ ಸೇರಿ ರಾಕ್ ಬ್ಯಾಂಡ್ ಕಟ್ಟಿದೆವು. 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿದೆವು. ಹೊಟ್ಟೆಪಾಡಿಗೆ ಎಲ್ಲರಿಗೂ ಬೇರೆ ಕೆಲಸ ಇತ್ತು, ನನ್ನದು ಬ್ಯಾಂಕು. ಕಾಲೇಜು ಫೆಸ್ಟ್, ಪಬ್, ಗೆಳೆಯರ ಮದುವೆ ರಿಸೆಪ್ಷನ್, ಆಮೇಲೆ ಅದೇ ಗೆಳೆಯರ ಮಕ್ಕಳ ರಿಸೆಪ್ಷನ್. ಹೀಗೆ 36 ವರ್ಷ ಕಳೆಯಿತು.

ನಿಲ್ಲಿಸುವ ತೀರ್ಮಾನಕ್ಕೆ ಬರಲು ನಮಗೆ ನಾಲ್ಕು ವರ್ಷ ಹಿಡಿಯಿತು. ನಡುವೆ ಕೋವಿಡ್ ಬಂತು, ನಿಜ. ಆದರೂ ಆ ನಾಲ್ಕು ವರ್ಷದಲ್ಲಿ ಜಾಸ್ತಿ ಕಾಲ ನಾವು ಒಬ್ಬರಿಂದೊಬ್ಬರು ವಿಷಯ ಮುಚ್ಚಿಟ್ಟುಕೊಂಡೇ ಕಳೆದೆವು. ಐವತ್ತೈದು ದಾಟಿದ ಬ್ಯಾಂಡ್ ನಿಮ್ಮದಾಗಿದ್ದರೆ ಆ ಕಾಲ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೇಸ್ ನುಡಿಸುವವನ ಬೆರಳು, ಡ್ರಮ್ಮರ್‌ನ ಬಲಗಾಲು ಒಟ್ಟಿಗೆ ಬೀಳಬೇಕು. ಕಾಲಿನ ಪೆಡಲ್ ಒತ್ತಿ ಬಾರಿಸುವ ಕಿಕ್ ಡ್ರಮ್ಮಿನ ಏಟು, ಬೇಸಿನ ಸ್ವರ ಒಂದೇ ಸದ್ದಾಗಿ ಕೇಳಬೇಕು. 2019ರ ಒಂದು ಶೋನಲ್ಲಿ, ಕೊನೆಯ ಮೂರು ಹಾಡು ಬಾಕಿ ಇದ್ದಾಗ, ಆ ಕಾಲು ಕೂದಲೆಳೆಯಷ್ಟು ತಡವಾಗಿ ಬೀಳತೊಡಗಿತು. ಕೇಳುವವರಿಗೆ ಗೊತ್ತಾಗಲಿಲ್ಲ. ನಾನು ಬೆರಳನ್ನು ಅಷ್ಟೇ ತಡ ಮಾಡಿದೆ, ಎಲ್ಲ ಸರಿಹೋಯಿತು. ಮುಂದಿನ ಶೋನಲ್ಲೂ ಹಾಗೇ ಮಾಡಿದೆ. ಗೆಳೆಯನಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡೆ. ಅವನು ಎರಡು ವರ್ಷದಿಂದ ಭುಜದ ನೋವಿಗೆ ಮಾತ್ರೆ ನುಂಗಿ ಸ್ಟೇಜ್ ಹತ್ತುತ್ತಿದ್ದ. ನೋವು ಕೈಗೆ, ದಣಿವು ಇಡೀ ಮೈಗೆ. ನಾನು ಸರಿದೂಗಿಸುತ್ತಿದ್ದೇನೆ ಅನ್ನುವುದೂ ಅವನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಅದಕ್ಕೇ ನಾನು ಹೇಳುವ ಮೊದಲ ಕೆಲಸ ಇದು: ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವುದನ್ನು ನಿಲ್ಲಿಸಿ. ಹಾಡುವವನಿಗೆ ಮೇಲಿನ ಸ್ವರ ಸಿಗದಿದ್ದಾಗ ಗಿಟಾರ್ ಜೋರು ಮಾಡಬೇಡಿ. ಡ್ರಮ್ಮರ್ ಹಿಂದೆ ಬಿದ್ದರೆ ನೀವೂ ಹಿಂದೆ ಬೀಳಬೇಡಿ. ಏನಾಗುತ್ತಿದೆಯೋ ಅದು ಕೇಳಲಿ.

ಆಮೇಲೆ ರೆಕಾರ್ಡ್ ಮಾಡಿ. ಒಳ್ಳೆ ಮೈಕ್ ಬೇಕಿಲ್ಲ, ಜ್ಯಾಮ್ ರೂಮಿನ, ಅಂದರೆ ಪ್ರಾಕ್ಟೀಸ್ ಮಾಡುವ ಕೋಣೆಯ, ಮೂಲೆಯಲ್ಲಿ ಒಂದು ಫೋನ್ ಸಾಕು. ಮೂರೇ ಹಾಡು ಆರಿಸಿಕೊಳ್ಳಿ. ಒಂದು ನಿಮಗೆ ಅತಿ ಸುಲಭದ್ದು, ಒಂದು ಅತಿ ವೇಗದ್ದು, ಒಂದು ಗಂಟಲಿಗೆ ಕಷ್ಟದ್ದು. ಅವನ್ನೇ ಪ್ರಾಕ್ಟೀಸಿನ ಶುರುವಿನಲ್ಲಿ ಒಮ್ಮೆ, ಎರಡು ಗಂಟೆ ಆದ ಮೇಲೆ ಇನ್ನೊಮ್ಮೆ ನುಡಿಸಿ. ಹೀಗೆ ನಾಲ್ಕು ತಿಂಗಳು, ತಿಂಗಳಿಗೊಂದು ಸಲ. ಒಟ್ಟಿಗೆ ಕೂತು ಕೇಳಬೇಡಿ. ಒಟ್ಟಿಗೆ ಕೂತರೆ ನಗು, ಹಳೇ ಕಥೆ, ಅಷ್ಟರಲ್ಲೇ ಮುಗಿಯುತ್ತದೆ. ಒಬ್ಬೊಬ್ಬರೇ ಮನೆಯಲ್ಲಿ ಕೇಳಿ. ಫೋನಿನಲ್ಲಿ ಮೆಟ್ರೊನೋಮ್ (ತಾಳದ ವೇಗ ಲೆಕ್ಕ ಹಾಕುವ ಆ್ಯಪ್) ಹಾಕಿ ವೇಗ ಬರೆದುಕೊಳ್ಳಿ. ನಮ್ಮ ವೇಗದ ಹಾಡು ಶುರುವಿನಲ್ಲಿ ನಿಮಿಷಕ್ಕೆ 140 ಏಟು ಇದ್ದದ್ದು ಎರಡು ಗಂಟೆಯ ನಂತರ 131ಕ್ಕೆ ಇಳಿದಿತ್ತು. ನಾಲ್ಕು ತಿಂಗಳೂ ಹಾಗೇ ಇತ್ತು. ಒಂದು ದಿನ ಇಳಿದಿದ್ದರೆ ನಿದ್ದೆ ಕೆಟ್ಟಿರಬಹುದು. ನಾಲ್ಕು ತಿಂಗಳೂ ಇಳಿದರೆ ಅದು ಬೇರೆ ವಿಷಯ.

ಇಷ್ಟಕ್ಕೇ ನಿಲ್ಲಿಸುವ ಮಾತಿಗೆ ಹೋಗಬೇಡಿ. ಸರಿಪಡಿಸಬಹುದಾದದ್ದು ತುಂಬಾ ಇದೆ. ಮೊದಲು ಶ್ರುತಿ ಇಳಿಸಿ. ಗಿಟಾರಿನ ಒಂದು ಮನೆಯಷ್ಟು, ಅಂದರೆ ಅರ್ಧ ಸ್ವರ, ಇಳಿಸಿದರೆ ಹಾಡುವವನಿಗೆ ಉಸಿರು ಸಿಗುತ್ತದೆ. ತಂತಿಯ ಬಿಗಿ ಕಡಿಮೆಯಾಗಿ ಗಂಟುನೋವಿನ ಬೆರಳಿಗೂ ಆರಾಮ. ಮೂರು ಮನೆ ಇಳಿಸಿದ ಮೇಲೂ ಕಿರುಚಬೇಕಾದರೆ ಆ ಹಾಡು ಕೈಬಿಡಿ, ಎಷ್ಟೇ ಪ್ರೀತಿಯದ್ದಾಗಿರಲಿ. ತೆಳು ತಂತಿ ಹಾಕಿಸಿ. ಎರಡು ಗಂಟೆಯ ಸೆಟ್ಟನ್ನು, ಅಂದರೆ ಶೋನಲ್ಲಿ ನುಡಿಸುವ ಹಾಡುಗಳ ಸಾಲನ್ನು, 50 ನಿಮಿಷಕ್ಕೆ ತನ್ನಿ. ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ), ಡ್ರಮ್ ಕೇಸ್ ಹೊರಲು ಇಬ್ಬರು ಹುಡುಗರನ್ನು ಕರೆಯಿರಿ, ದುಡ್ಡು ಕೊಡಿ. ನಮ್ಮ ಗಿಟಾರಿಸ್ಟ್‌ನ ಬೆನ್ನು ಹಾಳಾದದ್ದು ನುಡಿಸಿ ಅಲ್ಲ, ಮೂರನೇ ಮಹಡಿಗೆ ಆಂಪ್ ಹೊತ್ತು.

ಕುರ್ಚಿಗೆ ನಾಚಿಕೆ ಬೇಡ. ಜೆನೆಸಿಸ್ ಬ್ಯಾಂಡಿನ ಕೊನೆಯ ಶೋ 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ನಡೆಯಿತು. ಒಂದು ಕಾಲದಲ್ಲಿ ಅದರ ಡ್ರಮ್ಮರ್ ಆಗಿದ್ದ ಫಿಲ್ ಕಾಲಿನ್ಸ್ ಕೂತುಕೊಂಡೇ ಹಾಡಿದರು. ಡ್ರಮ್ಸ್ ಮುಂದೆ ಅವರ ಮಗ ನಿಕ್ ಇದ್ದ. ಬ್ಲ್ಯಾಕ್ ಸಬತ್‌ನ ಓಜಿ ಆಜ್‌ಬರ್ನ್ 2025ರ ಜುಲೈ 5ರಂದು ತಮ್ಮೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದರು. ಹದಿನೇಳು ದಿನಕ್ಕೆ ತೀರಿಕೊಂಡರು. ಕೂತು ಹಾಡಿದರು ಅಂತ ಯಾರ ಮನಸ್ಸಿನಲ್ಲೂ ಅವರು ಚಿಕ್ಕವರಾಗಲಿಲ್ಲ.

ಕಿವಿಯ ವಿಷಯ ಮಾತ್ರ ತಡ ಮಾಡಬೇಡಿ. ಎಲ್ಲರೂ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಕೆಲಸದ ಜಾಗದ ಸದ್ದಿನ ಬಗ್ಗೆ ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ಹಾಕಿರುವ ಮಿತಿ ಹೀಗಿದೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. ನಮ್ಮ ಜ್ಯಾಮ್ ರೂಮಿನ ಸದ್ದು ಅದಕ್ಕಿಂತ ಕಡಿಮೆ ಇರಲಿಲ್ಲ. ನನ್ನ ಎಡಗಿವಿಯಲ್ಲಿ ಈಗ ರಾತ್ರಿಯೆಲ್ಲ ಕುಯ್ ಅನ್ನುತ್ತದೆ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್‌ಗೆ 2016ರಲ್ಲಿ ಡಾಕ್ಟರುಗಳು, ಇನ್ನು ಹಾಡಿದರೆ ಪೂರ್ತಿ ಕಿವುಡಾಗಬಹುದು ಅಂದರು. ಅವರು ಟೂರ್ ಬಿಟ್ಟರು. ಸ್ಟೇಜಿನ ಸದ್ದನ್ನು ಹದವಾಗಿ ಕಿವಿಗೇ ಮುಟ್ಟಿಸುವ ಹೊಸ ಬಗೆಯ ಕಿವಿ ಮಾನಿಟರ್ ಸಿಕ್ಕ ಮೇಲೆ ವಾಪಸ್ ಬಂದರು. ತೊಂದರೆ ಏನು ಅಂತ ಸರಿಯಾಗಿ ಗೊತ್ತಾದರೆ ಕೆಲವು ಸಲ ದಾರಿಯೂ ಸಿಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬನಿಗೆ ಆಗುತ್ತಿಲ್ಲ ಅನ್ನಿ. ಆಗ ಕೂತು ಮಾತಾಡಬೇಕು. ನನಗೆ ಅತಿ ಮುಖ್ಯ ಅನ್ನಿಸುವುದು ಈ ಮಾತುಕತೆಯೇ.

ಜ್ಯಾಮ್ ರೂಮಿನಲ್ಲಿ ಬೇಡ. ವಾದ್ಯ ಎದುರಿಗಿದ್ದರೆ ಯಾರಾದರೂ ಎತ್ತಿಕೊಂಡುಬಿಡುತ್ತಾರೆ. ಶೋ ಮುಗಿದ ರಾತ್ರಿಯೂ ಬೇಡ, ಕುಡಿಯುತ್ತಾ ಬೇಡ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ನಾವು ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗಿನ ಬಂಡೆ ಮೇಲೆ ಕೂತೆವು.

ಯಾರು ಮೊದಲು ಮಾತಾಡಬೇಕು? ಎಲ್ಲಕ್ಕಿಂತ ಗಟ್ಟಿಯಾಗಿ ಇರುವವನು. ಅವನು ತನ್ನ ಕೊರತೆ ಹೇಳಬೇಕು. ನಮ್ಮಲ್ಲಿ ಅದು ನಾನೇ. ಕಿವಿಯ ವಿಷಯ ಅಲ್ಲಿಯವರೆಗೆ ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಹಾಡುವವನು, ತನಗೆ ಎರಡನೇ ಸೆಟ್ಟಿನಲ್ಲಿ ಸಾಲುಗಳು ಮರೆಯುತ್ತಿವೆ ಅಂದ. ಗಿಟಾರಿಸ್ಟ್ ಬೆನ್ನಿನ ಕಥೆ ಹೇಳಿದ. ಕೊನೆಗೆ ಡ್ರಮ್ಮರ್ ಬಂಡೆಯನ್ನೇ ನೋಡುತ್ತಾ, "ನನ್ನ ಭುಜ ಹೋಗಿದೆ ಕಣ್ರೋ. ನಿಮಗೆಲ್ಲ ಗೊತ್ತು ಅಂತಾನೂ ನಂಗೊತ್ತು" ಅಂದ. ಮೊದಲೇ ಅವನನ್ನು ಕೇಳಿದ್ದರೆ "ಏನಿಲ್ಲ, ಆರಾಮಿದೀನಿ" ಅಂತಿದ್ದ. ಹಾಗೆ ಎಷ್ಟೋ ಸಲ ಅಂದಿದ್ದ.

ತನ್ನಿಂದ ಬ್ಯಾಂಡ್ ಮುರಿಯುತ್ತದೆ ಅನ್ನುವ ಭಯವೇ ಕೈಲಾಗದವನ ಬಾಯಿ ಕಟ್ಟಿಹಾಕುತ್ತದೆ. ಆರ್‌ಇಎಂ ಬ್ಯಾಂಡಿನ ಡ್ರಮ್ಮರ್ ಬಿಲ್ ಬೆರಿಗೆ 1995ರಲ್ಲಿ ಸ್ವಿಟ್ಜರ್ಲೆಂಡ್‌ನ ಸ್ಟೇಜಿನ ಮೇಲೇ ಮೆದುಳಿನ ರಕ್ತನಾಳದ ತೊಂದರೆಯಾಗಿ ಕುಸಿದರು. ಚೇತರಿಸಿಕೊಂಡು ಮತ್ತೆ ನುಡಿಸಿದರು. 1997ರಲ್ಲಿ ಬಿಡುತ್ತೇನೆ ಅಂದಾಗ ಒಂದು ಷರತ್ತು ಹಾಕಿದರು: ನಾನು ಬಿಟ್ಟರೆ ಬ್ಯಾಂಡ್ ಮುರಿಯುತ್ತದೆ ಅಂತಾದರೆ ನಾನು ಬಿಡುವುದಿಲ್ಲ. ಉಳಿದ ಮೂವರು ಒಪ್ಪಿ ಮುಂದುವರಿದರು. 2011ರ ಸೆಪ್ಟೆಂಬರ್‌ನಲ್ಲಿ, 31 ವರ್ಷದ ನಂತರ, ವಿದಾಯದ ಟೂರ್ ಕೂಡ ಇಲ್ಲದೆ ಗೆಳೆಯರಾಗೇ ನಿಲ್ಲಿಸಿದರು. ನಿಮ್ಮ ಬ್ಯಾಂಡಿನಲ್ಲೂ ಈ ಮಾತನ್ನು ಮೊದಲೇ ಆಡಿಬಿಡಿ: "ನೀನು ಏನು ಹೇಳಿದರೂ ತಪ್ಪು ನಿನ್ನದಲ್ಲ. ಮುಂದುವರಿಯೋದು ಬಿಡೋದು ನಮ್ಮ ನಾಲ್ಕೂ ಜನರ ತೀರ್ಮಾನ."

"ನಿಲ್ಲಿಸೋಣವಾ?" ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಬೇಡ ಅಂತಾರೆ. ಸಂಖ್ಯೆ ಕೇಳಿ. "ಮುಂದಿನ ಒಂದು ವರ್ಷದಲ್ಲಿ, ನೋವಿನ ಮಾತ್ರೆ ಇಲ್ಲದೆ, ಎಷ್ಟು ಶೋ ಮಾಡ್ತೀಯಾ?" ಎಲ್ಲರೂ ಚೀಟಿಯಲ್ಲಿ ಬರೆಯಿರಿ. ನಮ್ಮದು ಹೀಗೆ ಬಂತು: 10, 10, 8, 2. ಸರಾಸರಿ ತೆಗೆಯಬೇಡಿ. ಅತಿ ಚಿಕ್ಕ ಸಂಖ್ಯೆಯೇ ಬ್ಯಾಂಡಿನ ಸಂಖ್ಯೆ. ಕೆನಡಾದ ರಷ್ ಬ್ಯಾಂಡಿನಲ್ಲೂ 2015ರಲ್ಲಿ ಡ್ರಮ್ಮರ್ ನೀಲ್ ಪೀರ್ಟ್‌ಗೆ ಆಗುವಷ್ಟೇ ಶೋ ಮಾಡಿದರು, ಉಳಿದಿಬ್ಬರಿಗೆ ಇನ್ನೂ ಆಸೆ ಇತ್ತು. ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಕೊನೆಯ ರಾತ್ರಿ. ಯಾವತ್ತೂ ಡ್ರಮ್ಸ್ ದಾಟಿ ಮುಂದೆ ಬರದಿದ್ದ ಪೀರ್ಟ್ ಅವತ್ತು ಎದ್ದು ಬಂದು ಗೆಳೆಯರಿಬ್ಬರನ್ನು ತಬ್ಬಿಕೊಂಡರು. 2020ರ ಜನವರಿಯಲ್ಲಿ ಅವರು ಇಲ್ಲವಾದರು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಬೇರೆಯವರನ್ನು ಸೇರಿಸಿಕೊಂಡು ಮುಂದುವರಿಯುವುದೂ ಗೌರವದ ದಾರಿಯೇ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ಬಂದಾಗ ನಾವು ನಾಲ್ವರೂ ಹೋಗಿದ್ದೆವು. ನಮ್ಮ ಡ್ರಮ್ಮರ್ ಇಡೀ ಹೊತ್ತು ಅದರ ಡ್ರಮ್ಮರ್ ನಿಕೊ ಮೆಕ್‌ಬ್ರೇನ್‌ರನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಅದೇ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಅದೇ ವರ್ಷ ಮತ್ತೆ ಸ್ಟೇಜ್ ಹತ್ತಿದರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಟೂರ್‌ಗಳಿಗೆ ವಿದಾಯ ಹೇಳಿದರು. ಬ್ಯಾಂಡ್ ಹೊಸ ಡ್ರಮ್ಮರ್ ಜೊತೆ ನಡೆಯುತ್ತಿದೆ. ನಾವೂ ಒಬ್ಬ ಹುಡುಗನ ಜೊತೆ ಎರಡು ಪ್ರಾಕ್ಟೀಸ್ ಮಾಡಿ ನೋಡಿದೆವು. ತುಂಬಾ ಚೆನ್ನಾಗಿ ಬಾರಿಸಿದ, ನಮ್ಮವನಿಗಿಂತ ಚೆನ್ನಾಗಿ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಅವನ ಕಾಲಿನ ಕಡೆ ಹೋಗುತ್ತಿತ್ತು, ಅಲ್ಲಿ ನನಗೆ ಗೊತ್ತಿರುವ ಕಾಲು ಇರಲಿಲ್ಲ. ನಮಗೆ ಆ ದಾರಿ ಬೇಡ ಅನ್ನಿಸಿತು. ನಿಮಗೆ ಬೇಕು ಅನ್ನಿಸಬಹುದು. ಎರಡು ಪ್ರಾಕ್ಟೀಸ್ ಮಾಡದೆ ಮಾತ್ರ ತೀರ್ಮಾನಿಸಬೇಡಿ.

ಇನ್ನು ಕೊನೆಯ ಶೋ. ಒಂದೇ ಸಾಕು, ಊರಲ್ಲೇ ಸಾಕು, ತೀರ್ಮಾನ ಆದ ಮೂರು ನಾಲ್ಕು ತಿಂಗಳೊಳಗೆ ಆಗಲಿ. ಅಮೆರಿಕದ ಏರೋಸ್ಮಿತ್ ಬ್ಯಾಂಡ್ 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡ ವಿದಾಯ ಟೂರ್ ಶುರು ಮಾಡಿತು. ಮೂರನೇ ಶೋನಲ್ಲೇ ಹಾಡುಗಾರ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಯಿತು. ಸುಮಾರು ಒಂದು ವರ್ಷ ಕಾದು ಟೂರ್‌ಗಳನ್ನೇ ಬಿಟ್ಟರು. ಟಿಕೆಟ್ ಕೊಂಡವರಿಗೆ ವಿದಾಯ ಹೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ. ದೇಹ ನಮ್ಮ ಕ್ಯಾಲೆಂಡರ್ ನೋಡುವುದಿಲ್ಲ.

"ಕೊನೆಯ ಶೋ" ಅಂತ ಪೋಸ್ಟರ್‌ನಲ್ಲಿ ಹಾಕಿದರೆ ಅದು ಕೊನೆಯದೇ ಆಗಿರಬೇಕು. ಮೋಟ್ಲಿ ಕ್ರೂ ಬ್ಯಾಂಡಿನವರು 2014ರಲ್ಲಿ, 2015ರ ನಂತರ ಟೂರ್ ಮಾಡುವುದಿಲ್ಲ ಅಂತ ಒಪ್ಪಂದಕ್ಕೇ ಸಹಿ ಹಾಕಿದ್ದರು. 2019ರಲ್ಲಿ ಅದನ್ನು ಮುರಿದರು. ನನಗೆ ಅದು ಒಪ್ಪಿಗೆಯಿಲ್ಲ. ಕೊನೆಯದು ಅಂತ ನಂಬಿ ದೂರದಿಂದ ಬಂದವರು ಇರುತ್ತಾರೆ, ಅಲ್ವಾ? ಖಚಿತ ಇಲ್ಲದಿದ್ದರೆ ಆ ಪದ ಬಳಸಬೇಡಿ, ಸುಮ್ನೆ ಶೋ ಅನ್ನಿ.

ಸಮಯ ಬರಹದಲ್ಲಿ ತೆಗೆದುಕೊಳ್ಳಿ. ಹಿಂದೊಮ್ಮೆ ಒಂದು ಪಬ್ಬಿನವರು ಎಂಟಕ್ಕೆ ಅಂತ ಹೇಳಿ ಹತ್ತೂಮುಕ್ಕಾಲಿಗೆ ಸ್ಟೇಜ್ ಕೊಟ್ಟರು. ಅಷ್ಟು ಹೊತ್ತಿಗೆ ಡ್ರಮ್ಮರ್‌ನ ಮಾತ್ರೆಯ ಶಕ್ತಿ ಇಳಿದಿತ್ತು. ಕೊನೆಯ ಶೋ ನಾವು ಮಧ್ಯಾಹ್ನ ನಾಲ್ಕಕ್ಕೆ ಇಟ್ಟುಕೊಂಡೆವು. ಹನ್ನೊಂದು ಹಾಡು. ಅತಿ ಕಷ್ಟದ ಹಾಡನ್ನು ಮೂರನೆಯದಾಗಿ ಇಡಿ. ಮೈ ಬಿಸಿಯಾಗಿರುತ್ತದೆ, ಇನ್ನೂ ದಣಿದಿರುವುದಿಲ್ಲ. ಕೊನೆಗೆ ನಿದ್ದೆಯಲ್ಲೂ ನುಡಿಸಬಲ್ಲ ಹಾಡು ಇರಲಿ, ಯಾಕೆಂದರೆ ಅಷ್ಟು ಹೊತ್ತಿಗೆ ಕಣ್ಣು ತುಂಬಿರುತ್ತದೆ, ಗಿಟಾರಿನ ಮನೆಗಳು ಕಾಣುವುದಿಲ್ಲ.

ಶೋಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ: ಬ್ಯಾಂಡಿನ ಹೆಸರು ಯಾರು ಬಳಸಬಹುದು, ಸ್ವಂತ ಹಾಡುಗಳಿಂದ ದುಡ್ಡು ಬಂದರೆ ಯಾರಿಗೆ ಎಷ್ಟು, ಒಟ್ಟಿಗೆ ಕೊಂಡ ಸೌಂಡ್ ಮಿಕ್ಸರ್, ಸ್ಪೀಕರ್ ಯಾರಿಗೆ, ಹಳೇ ಕ್ಯಾಸೆಟ್ ಯಾರ ಮನೆಯಲ್ಲಿ. ಗೆಳೆಯರಿಗೆ ಇದೆಲ್ಲ ಯಾಕೆ ಅನ್ನಬೇಡಿ. ಗೆಳೆಯರಾಗಿ ಉಳಿಯಬೇಕು ಅಂತಲೇ ಇದು ಬೇಕು.

ನಿಲ್ಲಿಸಿದ ಮರುವಾರದ ಬಗ್ಗೆ ಯಾರೂ ಹೇಳುವುದಿಲ್ಲ. ಶನಿವಾರ ಸಂಜೆ ನಾಲ್ಕಾದರೆ ಕೈ ತಾನಾಗಿ ಗಿಟಾರ್ ಬ್ಯಾಗಿನ ಕಡೆ ಹೋಗುತ್ತದೆ. ನಾವು ಜ್ಯಾಮ್ ರೂಮಿನ ಅದೇ ಸಮಯಕ್ಕೆ ಇನ್ನೂ ಮೂರು ತಿಂಗಳ ದುಡ್ಡು ಕಟ್ಟಿದೆವು. ಹೋಗಿ ಕೂರುತ್ತಿದ್ದೆವು, ಕಾಫಿ ಕುಡಿಯುತ್ತಿದ್ದೆವು, ಒಂದೊಂದು ದಿನ ಮೆಲ್ಲಗೆ ನುಡಿಸುತ್ತಿದ್ದೆವು. ನಾಲ್ಕನೇ ತಿಂಗಳು ಯಾರೂ ಕೇಳದೆ ತಾನಾಗಿ ನಿಂತಿತು. ಈಗ ಆ ಹೊತ್ತಿಗೆ ಡ್ರಮ್ಮರ್ ಮನೆಗೆ ಹೋಗುತ್ತೇವೆ.

ವಾದ್ಯವನ್ನು ಮೊದಲ ಆರು ತಿಂಗಳು ಮಾರಬೇಡಿ. ಬೇಜಾರಿನಲ್ಲಿ ಮಾರಿದ್ದು ಆಮೇಲೆ ತುಂಬಾ ಕಾಡುತ್ತದೆ. ನಮ್ಮ ಡ್ರಮ್ಮರ್ ಏಳನೇ ತಿಂಗಳಲ್ಲಿ, ಡ್ರಮ್ಸ್ ಕಲಿಯುತ್ತಿದ್ದ ಪಕ್ಕದ ಬೀದಿಯ ಹುಡುಗಿಗೆ ಅರ್ಧ ಬೆಲೆಗೆ ಇಡೀ ಸೆಟ್ ಕೊಟ್ಟ. ಕಿಕ್ ಪೆಡಲ್ ಒಂದನ್ನು ಮಾತ್ರ ಇಟ್ಟುಕೊಂಡಿದ್ದಾನೆ. ಟಿವಿ ಮುಂದಿನ ಕುರ್ಚಿಯ ಕೆಳಗೆ ಇದೆ. ತಿಂಗಳಿಗೊಮ್ಮೆ ಅದರ ಸ್ಪ್ರಿಂಗಿಗೆ ಎಣ್ಣೆ ಬಿಡುತ್ತಾನೆ.