ಸಿಂಗಳೀಕದ ನೆಲೆ ನಕ್ಷೆ: ಮೊದಲು ಚುಕ್ಕಿಗಳನ್ನು ಸೋಸಿ

ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಸಿಂಗಳೀಕಕ್ಕಾಗಿ ಯಾವ ಕಾಡು ಉಳಿಸಬೇಕು, ಎಲ್ಲಿ ಮರ ನೆಟ್ಟು ತುಂಡಾದ ಕಾಡುಗಳನ್ನು ಮತ್ತೆ ಕೂಡಿಸಬೇಕು ಎಂದು ತೀರ್ಮಾನಿಸಲು ನೆಲೆ ನಕ್ಷೆ ಬೇಕು. ಪ್ರಾಣಿ ಕಂಡ ಜಾಗಗಳ ಆಧಾರದಲ್ಲಿ ಸೂಕ್ತ ನೆಲೆಯ ಮಾದರಿ ಕಟ್ಟುವ ಮ್ಯಾಕ್ಸೆಂಟ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಓಡಿಸುವುದೂ ಸುಲಭ. ನಿಜವಾದ ಕೆಲಸ ಇರುವುದು ಅದಕ್ಕೆ ಕೊಡುವ ಚುಕ್ಕಿಗಳಲ್ಲಿ, ಅಂದರೆ ಪ್ರಾಣಿ ಕಂಡ ಜಾಗಗಳಲ್ಲಿ.

ಜೀವಿಗಳು ಕಂಡ ಜಾಗಗಳ ಜಾಗತಿಕ ದತ್ತಾಂಶ ಜಾಲ ಜಿಬಿಐಎಫ್‌ನಿಂದ ದಾಖಲೆಗಳನ್ನು ಇಳಿಸಿಕೊಂಡ ಕೂಡಲೇ ಸ್ಥಳದ ಅನಿಶ್ಚಿತತೆಯನ್ನು ಮೀಟರಿನಲ್ಲಿ ಹೇಳುವ ಕಾಲಂ ನೋಡಿ. ಅಳಿವಿನಂಚಿನ ಪ್ರಾಣಿಗಳ ಜಾಗ ಬಯಲಾಗದಿರಲೆಂದು, ಜನ ಫೋಟೊ ಹಾಕುವ ಐನ್ಯಾಚುರಲಿಸ್ಟ್ ತಾಣ (ಇದರ ದಾಖಲೆಗಳೂ ಜಿಬಿಐಎಫ್‌ಗೆ ಬರುತ್ತವೆ) ಚುಕ್ಕಿಯನ್ನು 0.2 ಡಿಗ್ರಿ ಚೌಕದೊಳಗೆ ಎಲ್ಲಿಗೋ ಸರಿಸಿಬಿಡುತ್ತದೆ. ಅಂದರೆ ಸುಮಾರು 22 ಕಿ.ಮೀ. ಉದ್ದಗಲ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮಂಗ ಕರಾವಳಿಯ ಗದ್ದೆಯಲ್ಲಿ ಬಂದು ಕೂತಿರುತ್ತದೆ! ದಶಮಾಂಶದ ಮುಂದೆ ಆರು ಅಂಕಿ ಇದ್ದರೂ ನಂಬಬೇಡಿ. ಅನಿಶ್ಚಿತತೆ 1,000 ಮೀಟರ್ ದಾಟಿದ್ದನ್ನು, ಮೃಗಾಲಯದ ದಾಖಲೆಗಳನ್ನು ತೆಗೆದುಹಾಕಿ. ಕಾಲಂ ಖಾಲಿ ಇದ್ದರೆ ಬೇರೆಡೆ ತಾಳೆ ನೋಡಿ. ಉಳಿದವುಗಳಲ್ಲಿ 1 ಕಿ.ಮೀ. ಚೌಕಕ್ಕೆ ಒಂದೇ ಚುಕ್ಕಿ ಇರಲಿ. ದಾಖಲೆ ಅರ್ಧಕ್ಕಿಳಿದರೂ ಪರವಾಗಿಲ್ಲ.

ಹಿನ್ನೆಲೆ ಚುಕ್ಕಿಗಳನ್ನು (ಮಂಗ ಕಂಡ ಜಾಗಗಳೊಂದಿಗೆ ಹೋಲಿಸಲು ಆರಿಸುವ ಜಾಗಗಳು, ಮಾಮೂಲಿ 10,000) ಇಡೀ ಕರ್ನಾಟಕದಿಂದ ಆರಿಸಿದರೆ ಎಯುಸಿ (ಮಂಗ ಕಂಡ ಜಾಗವನ್ನು ಹಿನ್ನೆಲೆಯಿಂದ ಮಾದರಿ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಂಕ) ತಾನಾಗಿ ಏರುತ್ತದೆ. ಮಾದರಿ ಕಲಿತದ್ದು ಮಾತ್ರ ರಾಯಚೂರಿನಲ್ಲಿ ಮಳೆ ಕಡಿಮೆ ಎಂಬುದನ್ನಷ್ಟೇ. ಘಟ್ಟದ ಪಟ್ಟಿಗೇ ಸೀಮಿತಗೊಳಿಸಿ. ಜನ ಫೋಟೊ ತೆಗೆಯುವುದು ರಸ್ತೆ ಬದಿಯಲ್ಲೇ ಹೆಚ್ಚು. ಆದ್ದರಿಂದ ಅದೇ ಪ್ರದೇಶದ ಬೇರೆ ಸಸ್ತನಿಗಳು ದಾಖಲಾದ ಜಾಗಗಳನ್ನೇ ಹಿನ್ನೆಲೆಯಾಗಿ ಬಳಸುವುದು ಇನ್ನೂ ಒಳ್ಳೆಯದು.

ಜಾಗತಿಕ ಹವಾಮಾನ ದತ್ತಾಂಶವಾದ ವರ್ಲ್ಡ್‌ಕ್ಲೈಮ್‌ನ ಉಷ್ಣತೆ, ಮಳೆಯ 19 ಪದರಗಳಲ್ಲಿ 8, 9, 18, 19ನ್ನು ಬಿಡಿ. ಅವುಗಳಲ್ಲಿ ನೆಲದ ಮೇಲಿಲ್ಲದ ಗೆರೆಗಳು ಮೂಡುತ್ತವೆ. ಪರಸ್ಪರ ಸಹಸಂಬಂಧ 0.7 ಮೀರಿದ ಜೋಡಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಇವು 1970–2000ರ ಹವಾಮಾನದ ಸರಾಸರಿ, ಕಡಿದ ಕಾಡು ಇವುಗಳಲ್ಲಿ ಕಾಣದು. ಈಚಿನ ಮರಹೊದಿಕೆಯ ಪದರ ಸೇರಿಸಲೇಬೇಕು.

ಪರೀಕ್ಷೆಗೆ ಚುಕ್ಕಿಗಳನ್ನು ಯಾದೃಚ್ಛಿಕವಾಗಿ ಹಂಚಬೇಡಿ. ಒಂದೇ ಗುಂಪಿನ ಮಂಗಗಳು ಎರಡೂ ಕಡೆ ಸೇರಿಕೊಂಡು ಅಂಕ ಸುಮ್ಮನೆ ಏರುತ್ತದೆ. ಶರಾವತಿಯಲ್ಲಿ ಕಲಿಸಿ, ಅಘನಾಶಿನಿಯಲ್ಲಿ ಪರೀಕ್ಷಿಸಿ. ರೆಗ್ಯುಲರೈಸೇಶನ್ (ಮಾದರಿ ಕಲಿಕೆಯ ಚುಕ್ಕಿಗಳಿಗೇ ಅತಿಯಾಗಿ ಅಂಟಿಕೊಳ್ಳದಂತೆ ತಡೆಯುವ ಗುಣಕ) 1ರಿಂದ 4ರವರೆಗೆ ಬದಲಿಸಿ ಹೋಲಿಸಿದರೆ ಸಾಕು.

ಸೂಕ್ತ–ಅಸೂಕ್ತದ ಗಡಿಗೆ, ಕಲಿಕೆಯ ಚುಕ್ಕಿಗಳಲ್ಲಿ ಅತಿ ಕಡಿಮೆ ಅಂಕದ 10% ಹೊರಗುಳಿಯುವ ಬೆಲೆ ಹಿಡಿಯಿರಿ. ನಕ್ಷೆ ಸೂಕ್ತ ಎಂದಲ್ಲೆಲ್ಲ ಮಂಗ ಇದೆ ಎಂದೇನಲ್ಲ. ಮರದಿಂದ ಮರಕ್ಕೆ ಹೋಗುವ ಈ ಪ್ರಾಣಿಗೆ ಅಗಲವಾದ ರಸ್ತೆಯೂ ತಡೆ, ಅದು 1 ಕಿ.ಮೀ. ಚೌಕದಲ್ಲಿ ಕಾಣುವುದಿಲ್ಲ. ಎರಡು ಸೂಕ್ತ ತುಂಡುಗಳ ನಡುವೆ ನಡೆದು, ಕೊಂಬೆಗೆ ಕೊಂಬೆ ತಾಗದ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ. ಸಸಿ ನೆಡುವ ಪಟ್ಟಿ ಅಲ್ಲಿಂದ ಶುರುವಾಗಲಿ.